ನೂರರ ಮೇಲೆ ಇಪ್ಪತ್ತು

ಫೆಬ್ರವರಿ. ಬಾಲ್ಟಿಕ್ ಕಡಲು ದಡದುದ್ದಕ್ಕೂ
ಆರಿದ ಹಾಲಿನ ಕೆನೆಯ ಹಾಗೆ ಹೆಪ್ಪುಗಟ್ಟಿದೆ.
ಸ್ಥಾವರದ ಬಿಸಿನೀರು ಬಂದು ಬೀಳುವ ಕಡೆ ಮಾತ್ರ
ಅರ್ಧ ಕಿಲೋಮೀಟರ್ ಕಪ್ಪು ನೀರು ತೆರೆದೇ ಇದೆ.
ಅಲ್ಲಿ ಹದಿನೇಳು ಹಂಸ, ವಲಸೆ ಮರೆತವು.

ನನ್ನ ಮೇಜಿನ ಮೇಲೆ ಹನ್ನೊಂದು ಕಡತ.
ಸ್ಟೂರ್‌ವಿಕ್, ಘಟಕ ಎರಡು: ಉತ್ಪಾದನೆ ಏರಿಸಲು ಅರ್ಜಿ.
ಅದೇ ಪಾತ್ರೆ, ಅದೇ ಕೊಳವೆ,
ಅದೇ ನಲವತ್ತು ವರ್ಷದ ಬೆಸುಗೆ;
ಉರಿ ಮಾತ್ರ ಇನ್ನಷ್ಟು. ನೂರಿದ್ದಲ್ಲಿ ನೂರಿಪ್ಪತ್ತು.

ಒಪ್ಪಿಗೆ ಸಿಕ್ಕರೆ ಆಗುವುದಿಷ್ಟೆ:
ನಿಯಂತ್ರಣ ಕೊಠಡಿಯಲ್ಲಿ ಯಾರೋ ಒಬ್ಬ
ಮುಳ್ಳಿನ ಹಿಂದಿನ ಅಂಕಿಗಳನ್ನು ಬದಲಿಸುತ್ತಾನೆ,
ನೂರಿಪ್ಪತ್ತಕ್ಕೆ ನೂರೆಂದು ಹೆಸರಿಡುತ್ತಾನೆ.
ಹಳೆಯ ನೂರು ಎಂಬತ್ಮೂರಾಗಿ
ತಲೆ ತಗ್ಗಿಸಿ ಕೂರುತ್ತದೆ.
ಹಾಗೊಂದು ನೂರು ಇತ್ತೆಂದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಮಂಗಳವಾರ ಯಿಲ್ವಾ ಬಂದಿದ್ದಳು ಕಂಪನಿಯ ಕಡೆಯಿಂದ,
ಬೂಟಿನ ಹಿಮ ಕೊಡವಿ, ಕಾಫಿ ಬೇಡವೆಂದು.
"ಅಂಚು ಬೇಕಾದಷ್ಟಿದೆ, ಗುನ್ವೊರ್.
ಸುಮ್ಮನೆ ಬಿದ್ದಿದೆ."
ಸುಳ್ಳಾಡುವ ಹುಡುಗಿಯಲ್ಲ. ಅವಳ ಲೆಕ್ಕವನ್ನು
ಮೂರು ಸಲ ಮಾಡಿ ನೋಡಿದೆ, ಸರಿಯಾಗಿಯೇ ಇದೆ.
ಆದರೂ ಆ 'ಸುಮ್ಮನೆ' ಗಂಟಲಲ್ಲಿ
ಮೀನಿನ ಮುಳ್ಳಾಗಿ ನಿಂತಿತು.

ಆ ಅಂಚು ಎಳೆದವರಿಗೆ ಕಂಪ್ಯೂಟರಿರಲಿಲ್ಲ,
ಜಾರುಪಟ್ಟಿ, ಪೈಪಿನ ಹೊಗೆ, ಅಳಿಸುವ ರಬ್ಬರು.
ತಮಗೆ ಗೊತ್ತಿಲ್ಲವೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.
ತಿಳಿಯದ್ದು ಯಾವತ್ತಾದರೂ ಬಂದರೆ
ಕೂರಲಿ ಎಂದು ಹಾಕಿಟ್ಟ ಮಣೆ ಅದು.
ಖಾಲಿ ಇದೆಯೆಂದು ಎತ್ತಿ ಒಲೆಗಿಡಬಹುದೆ?

ಪುಟ ಇನ್ನೂರ ಹದಿನಾಲ್ಕು. ಹಬೆ ಒಣಗಿಸುವ ಗೂಡು,
ಪಾತ್ರೆಯ ನೆತ್ತಿಯಲ್ಲಿ ತೆಳು ತಗಡುಗಳ ಸಾಲು.
'ಸುರಕ್ಷತೆಗೆ ಸಂಬಂಧಿಸಿದ ಭಾಗವಲ್ಲ' ಅನ್ನುತ್ತದೆ ಅಡಿಟಿಪ್ಪಣಿ.
ಸರಿ. ಆದರೆ ತಗಡು ಸೀಳಿ ಒಂದು ಚೂರು
ಹಬೆಯ ಜೊತೆ ಹೊರಟು
ಮುಚ್ಚಲೇಬೇಕಾದ ಕವಾಟದ ಬಾಯಲ್ಲಿ
ಹಲ್ಲಿನ ಸಂದಿಯ ಅಡಿಕೆಯ ಹಾಗೆ ಕೂತರೆ?
ಅದುರುವಿಕೆಯ ಅಂದಾಜು ಬಂದದ್ದು ಎಲ್ಲಿಂದ ಎಂದರೆ
ಹದಿನೇಳನೇ ಒಂದು ಪಾಲಿನ ಮಾದರಿಯಿಂದ, ಪ್ಲಾಸ್ಟಿಕ್ಕಿನದು.

ಸ್ಟೂರ್‌ವಿಕ್ ಶಾಲೆಯ ಆಟದ ಕೋಣೆಯಲ್ಲಿ ಅಹವಾಲು.
ರಾಗ್ನ್‌ವಾಲ್ಡ್ ಎದ್ದ, ಬೆಸುಗೆಯವನು, ಎಂಬತ್ತೊಂದು ವರ್ಷ.
"ಎಂಬತ್ತೊಂಬತ್ತರ ಶರತ್ಕಾಲ. ಪರೀಕ್ಷೆಗೆಂದು ಹರಿವು ಏರಿಸಿದರು.
ಕೊಳವೆ ಹಾಡಿತು."
"ಹಾಡಿತು ಅಂದರೆ?" ಅಧ್ಯಕ್ಷರು ಕೇಳಿದರು.
ಮೇಜಿನ ಮೇಲಿದ್ದ ಖಾಲಿ ಶೀಶೆ ತೆಗೆದುಕೊಂಡ,
ಬಾಯಿಗೆ ತುಟಿ ತಾಗಿಸಿ ಊದಿದ.
ಮೊದಲು ಬರೀ ಗಾಳಿ. ಯಾರೋ ನಕ್ಕರು.
ಉಸಿರು ಒಂದು ಹದಕ್ಕೆ ಬಂದದ್ದೇ
ಶೀಶೆ ಹಿಡಿದುಕೊಂಡಿತು ಸ್ವರ,
ಬ್ಯಾಸ್ಕೆಟ್‌ಬಾಲ್ ಬಳೆಯ ತನಕ ಹಬ್ಬಿತು.
"ಜೋರು ಮಾಡಿದರೆ ಸುಮ್ಮನಾಗುತ್ತೆ,
ಇನ್ನೂ ಜೋರಾದರೆ ಮತ್ತೆ ಶುರು, ಬೇರೆ ಸ್ವರ.
ಎಲ್ಲಿ ಅಂತ ಊದಿದ ಮೇಲೇ ಗೊತ್ತು."

ನೆಲಮಾಳಿಗೆಯ ಹಳೆಯ ದಿನಚರಿ ಹುಡುಕಿದೆ, ಎರಡು ದಿನ.
ಅಕ್ಟೋಬರಿನ ಒಂದು ರಾತ್ರಿಪಾಳಿ, ಪೆನ್ಸಿಲಿನಲ್ಲಿ:
'ಶಬ್ದ. ಹರಿವು ಇಳಿಸಿದೆವು.'
ಸಹಿ ಇಲ್ಲ.

ಅದಕ್ಕೇ ಪ್ರಶ್ನೆ ನಲವತ್ತೇಳು:
ಯಾವ ಹರಿವಿನಲ್ಲಿ ಈ ಕೊಳವೆ ಹಾಡುತ್ತದೆ?
ಮಾದರಿಯ ಮಾತು ಬೇಡ. ಕೊಳವೆಯ ಮೈಗೇ ಮಾಪಕ ಅಂಟಿಸಿ,
ಒಂದೊಂದೇ ಮೆಟ್ಟಿಲು ಏರಿ, ನಿಲ್ಲಿ, ಕೇಳಿಸಿಕೊಳ್ಳಿ, ಹೇಳಿ.

ಯಿಲ್ವಾ ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ: "ಎಂಟು ತಿಂಗಳು. ಅಷ್ಟು ದಿನ
ಬೇರೆಲ್ಲೋ ಕಲ್ಲಿದ್ದಲು ಉರಿಯುತ್ತೆ.
ಆ ಹೊಗೆ ಯಾರ ಎದೆಗೆ ಹೋಗುತ್ತೆ ಅಂತ
ನಿನ್ನ ಯಾವ ಪ್ರಶ್ನೆ ಕೇಳುತ್ತೆ?"
ಅದೂ ನಿಜ.
ಬರೆದುಕೊಂಡೆ, ಬೇರೆ ಕಾಗದದಲ್ಲಿ.
ಆ ಕಾಗದವನ್ನು ಯಾವ ಕಡತಕ್ಕೆ ಸೇರಿಸಲಿ ತಿಳಿಯದೆ
ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ.

ಸಂಜೆ ದಡಕ್ಕೆ ಹೋದೆ.
ಕಪ್ಪು ನೀರಿನ ಮೇಲೆ ಸಣ್ಣಗೆ ಹಬೆ.
ಹಂಸಗಳು ಇವತ್ತು ಹತ್ತೊಂಬತ್ತು.